ಹುಳುಕು ಹಲ್ಲೂ ಹೃದಯದ ಬಾಗಿಲೂ

ನೆಯ್ಗೆಯ ಊರಿನಲ್ಲಿ ಬಾಳುವವರ ಕಿವಿ ಬಹಳ ಸೂಕ್ಷ್ಮ. ಗುಳೇದಗುಡ್ಡದ ಓಣಿಗಳಲ್ಲಿ ಮಗ್ಗಗಳು ಹಿಂದಿನಷ್ಟು ಉಳಿದಿಲ್ಲವಾದರೂ, ಉಳಿದ ಮನೆಗಳಲ್ಲಿ ಅವುಗಳ ಸಪ್ಪಳ ಬೆಳಗಿನಿಂದಲೇ ಆರಂಭವಾಗುತ್ತದೆ. ಖಣ ನೇಯ್ದು ನೇಯ್ದು ಬೆನ್ನು ಬಾಗಿದ ಹಿರಿಯರೊಬ್ಬರು ಪಡಸಾಲೆಯಲ್ಲಿ ಚಹ ಕುಡಿಯುತ್ತ ಕುಳಿತಿದ್ದಂತೆಯೇ, ಒಳಮನೆಯ ಸಪ್ಪಳದಲ್ಲಿ ಏನೋ ವ್ಯತ್ಯಾಸವನ್ನು ಗುರುತಿಸಿ, “ಲಾಳಿ ತಡಿಯಾಕ ಹತ್ತೈತಿ, ನೋಡೋ” ಎಂದು ಮಗನನ್ನು ಎಚ್ಚರಿಸಿದ್ದನ್ನು ನಾನು ಕಂಡಿದ್ದೇನೆ. ನನ್ನಂಥವನ ಕಿವಿಗೆ ಮೊದಲಿನ ಸಪ್ಪಳವೂ ಒಂದೇ, ಆಮೇಲಿನದೂ ಒಂದೇ.

ವೈದ್ಯರು ಎದೆಗೆ ಕೊಳವೆಯನ್ನು ಹಚ್ಚಿ ಆಲಿಸುವುದೂ ಬಹುಮಟ್ಟಿಗೆ ಇದೇ ವಿದ್ಯೆ. ಹೃದಯ ‘ಬಡಿಯುತ್ತದೆ’ ಎಂದು ನಾವು ಹೇಳುತ್ತೇವೆ. ಕವಿಗಳಂತೂ ಅದನ್ನು ಮಿಡಿಸಿಯೇ ಮಿಡಿಸಿದ್ದಾರೆ. ಆದರೆ ಕೊಳವೆಯಲ್ಲಿ ಕೇಳಿಬರುವ ‘ಲಬ್ ಡಬ್’ ಎಂಬ ಜೋಡಿ ಸದ್ದು ಹೃದಯದ ಬಾಗಿಲುಗಳು ಮುಚ್ಚಿಕೊಳ್ಳುವಾಗ ಹುಟ್ಟುವ ಸದ್ದು. ಹೃದಯಕ್ಕೆ ಮೇಲೆ ಎರಡು, ಕೆಳಗೆ ಎರಡು ಕೋಣೆಗಳು. ಮೇಲಿನ ಕೋಣೆಯಿಂದ ಕೆಳಗಿನದಕ್ಕೆ ರಕ್ತವನ್ನು ಬಿಡುವ ಬಾಗಿಲುಗಳೆರಡು, ಕೆಳಗಿನ ಕೋಣೆಗಳಿಂದ ಹೊರಗಿನ ದೊಡ್ಡ ನಾಳಗಳಿಗೆ ಬಿಡುವ ಬಾಗಿಲುಗಳೆರಡು. ಮೊದಲಿನ ಜೋಡಿ ಮುಚ್ಚಿದಾಗ ಒಂದು ಸದ್ದು, ಎರಡನೆಯ ಜೋಡಿ ಮುಚ್ಚಿದಾಗ ಇನ್ನೊಂದು. ಇವಕ್ಕೆ ಕವಾಟಗಳೆಂದು ಹೆಸರು. ದಿನವೊಂದಕ್ಕೆ ಸುಮಾರು 1 ಲಕ್ಷ ಸಲ ತೆರೆದು ಮುಚ್ಚುವ ಈ ಬಾಗಿಲುಗಳಿಗೆ ಅಗಳಿಯಿಲ್ಲ, ಕೀಲೆಣ್ಣೆಯಿಲ್ಲ, ರಜೆಯೂ ಇಲ್ಲ.

ಇಷ್ಟು ಪೀಠಿಕೆ ಹಾಕಲು ಕಾರಣವುಂಟು. ಕೆಲವು ತಿಂಗಳ ಹಿಂದೆ ನಮ್ಮ ಓಣಿಯ ತರುಣನೊಬ್ಬ ತಾಯಿಯನ್ನು ಕರೆದುಕೊಂಡು ದೂರದ ನಗರದ ದೊಡ್ಡ ಆಸ್ಪತ್ರೆಗೆ ಹೋದ. ಆಕೆಗೆ ನಾಲ್ವತ್ತೆಂಟು ವರ್ಷ. ಎಡಭಾಗದ ಕವಾಟ ಕಿರಿದಾಗಿದೆ, ಬದಲಿಸಬೇಕು ಎಂದು ಗೊತ್ತಾಗಿ, ದಿನ ನಿಗದಿಯಾಗಿ, ಬಂಧುಗಳಿಗೆಲ್ಲ ಸುದ್ದಿ ಹೋಗಿ, ಮನೆಯಲ್ಲಿ ಎರಡು ದಿನ ಅಳುವೂ ಮುಗಿದಿತ್ತು. ಹೋದವರು ನಾಲ್ಕನೆಯ ದಿನಕ್ಕೆ ಹಾಗೆಯೇ ಮರಳಿ ಬಂದರು. ಸಂಜೆ ಆ ಹುಡುಗ ಕಡತವನ್ನು ಬಗಲಲ್ಲಿ ಹಿಡಿದು ನನ್ನಲ್ಲಿಗೆ ಬಂದ. ಕಾಲೇಜಿನಲ್ಲಿ ಕನ್ನಡ ಹೇಳುವವನಿಗೆ ಇಂಗ್ಲಿಷಿನ ವೈದ್ಯಕೀಯ ಕಾಗದಗಳು ತಿಳಿಯುತ್ತವೆಂಬ ನಂಬಿಕೆ ನಮ್ಮ ಓಣಿಯಲ್ಲಿ ಹೇಗೆ ಬೇರೂರಿತೋ ನಾನರಿಯೆ.

“ಸರ, ಎಲ್ಲಾ ತಯಾರಿ ಮಾಡ್ಕೊಂಡ ಹೋಗಿದ್ವಿರಿ. ಹಲ್ಲು ನೋಡಿ ತಿರುಗಿ ಕಳಿಸ್ಯಾರ. ಎದಿ ಆಪರೇಶನ್ನಿಗೂ ಹಲ್ಲಿಗೂ ಏನ್ರೀ ಸಂಬಂಧ? ರೊಕ್ಕಾ ಇದ್ದವರಿಗೆ ಹಿಂಗ ಮಾಡ್ತಾರೇನ್ರೀ?”

ಅವನ ಸಿಟ್ಟು ಸಹಜವಾದುದು. ಕಡತವನ್ನು ಬಿಡಿಸಿದರೆ ಹಲ್ಲೊಂದೇ ಅಲ್ಲ, ಇನ್ನೂ ಎಷ್ಟೋ ಇದ್ದವು. ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ರಕ್ತಹೀನತೆ, ಬೆನ್ನುನೋವಿಗೆಂದು ಅಂಗಡಿಯಿಂದ ತಾನೇ ತಂದು ನುಂಗುತ್ತಿದ್ದ ಗುಳಿಗೆಗಳು. ಇವೆಲ್ಲವೂ ಒಂದು ಪುಟದಲ್ಲಿ ಸಾಲಾಗಿ ಬರೆಯಲ್ಪಟ್ಟು, ಕೆಳಗೆ ‘ಇವು ಸರಿಯಾದ ಮೇಲೆ ಬರತಕ್ಕದ್ದು’ ಎಂಬರ್ಥದ ಒಂದೇ ವಾಕ್ಯ. ಬರೆದ ವೈದ್ಯರು ನ್ಯಾಯವಾದುದನ್ನೇ ಬರೆದಿದ್ದರು. ಆದರೆ ಏಕೆಂದು ಕುಳಿತು ಹೇಳುವಷ್ಟು ವೇಳೆ ಯಾರಿಗೂ ಇದ್ದಂತೆ ತೋರಲಿಲ್ಲ. ಆ ಹುಡುಗನಿಗೆ ಅಂದು ಹೇಳಿದ್ದನ್ನೂ, ಅನಂತರ ಬಲ್ಲ ವೈದ್ಯಮಿತ್ರರನ್ನು ಕೇಳಿ ತಿಳಿದದ್ದನ್ನೂ ಈ ವಾರ ವಾಚಕರ ಮುಂದಿಡುತ್ತಿದ್ದೇನೆ. ಇಂಥ ಕಡತ ಇಂದು ಯಾರ ಮನೆಯಲ್ಲಿ ಇಲ್ಲ?

ಮೊದಲು, ಬಾಗಿಲು ಕೆಡುವುದೇಕೆ? ನಮ್ಮ ದೇಶದಲ್ಲಿ ಬಡವರ ಮಕ್ಕಳ ಕವಾಟಗಳನ್ನು ಹೆಚ್ಚಾಗಿ ಕೆಡಿಸಿದ್ದು ಗಂಟಲು ಬೇನೆ. ಐದರಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಜೀವಿಯಿಂದ ಗಂಟಲು ಕೆಂಪಾಗಿ ನೋಯುತ್ತದೆ. ಉಪ್ಪುನೀರಿನಿಂದ ಮುಕ್ಕಳಿಸಿ ಮರೆಯುತ್ತೇವೆ. ಕೆಲವರಲ್ಲಿ ಎರಡು ಮೂರು ವಾರಗಳ ಮೇಲೆ ಕೀಲುಗಳು ಬಾತು ಜ್ವರ ಬರುತ್ತದೆ. ಇದೇ ರುಮ್ಯಾಟಿಕ್ ಜ್ವರ. ಕೀಲುಗಳು ವಾಸಿಯಾಗುತ್ತವೆ, ಹೃದಯದ ಕವಾಟಕ್ಕೆ ತಗಲಿದ ಗಾಯ ಮಾತ್ರ ಒಳಗೊಳಗೇ ಕಲೆಗಟ್ಟಿ, ರೇಷ್ಮೆಯಂತೆ ಮೃದುವಾದ ಪದರಗಳು ಹತ್ತಿಪ್ಪತ್ತು ವರ್ಷಗಳಲ್ಲಿ ಒಂದಕ್ಕೊಂದು ಅಂಟಿ ತೊಗಲಿನಂತೆ ಬಿರುಸಾಗುತ್ತವೆ. ಪೆನಿಸಿಲಿನ್ ಚುಚ್ಚುಮದ್ದನ್ನು ಮೂರು ನಾಲ್ಕು ವಾರಗಳಿಗೊಮ್ಮೆ ತಪ್ಪದೆ ವರ್ಷಗಟ್ಟಲೆ ಕೊಟ್ಟರೆ ಆ ಜ್ವರ ಮರುಕಳಿಸುವುದನ್ನು ತಡೆಯಬಹುದು. ಬಾಲ್ಯದಲ್ಲಿ ತಪ್ಪಿದ್ದು ಮಧ್ಯವಯಸ್ಸಿನಲ್ಲಿ ಮೆಟ್ಟಿಲು ಹತ್ತುವಾಗ ಏದುಸಿರಾಗಿ, ರಾತ್ರಿ ಅಂಗಾತ ಮಲಗಲಾರದ ಸಂಕಟವಾಗಿ ಕಾಣಿಸಿಕೊಳ್ಳುತ್ತದೆ. ನಮ್ಮ ಓಣಿಯ ಆ ತಾಯಿ ಎರಡು ವರ್ಷ ಗೋಡೆಗೆ ಒರಗಿ ಕುಳಿತೇ ನಿದ್ರಿಸಿದ್ದಳು. ‘ವಯಸ್ಸಾತು’ ಎಂದು ಅದಕ್ಕೆ ಮನೆಯವರ ಸಮಾಧಾನ. ನಾಲ್ವತ್ತೆಂಟಕ್ಕೆ!

ವೃದ್ಧರಲ್ಲಿ ಕಾರಣ ಬೇರೆ. ಮಹಾಧಮನಿಯ ಬಾಯಿಯಲ್ಲಿರುವ ಕವಾಟಕ್ಕೆ ಸುಣ್ಣದಂಶ ಕಟ್ಟಿ ಅದು ಬಿಗಿಯುತ್ತದೆ. ಹುಟ್ಟಿನಿಂದಲೇ ಕವಾಟದ ರಚನೆ ಬೇರೆಯಾಗಿರುವವರೂ ಉಂಟು.

ಬಿಗಿದ ಬಾಗಿಲನ್ನು ತೆರೆಯುವ ಸಾಹಸಕ್ಕೆ ನೂರು ವರ್ಷ ಸಂದಿವೆ. 1925ರಲ್ಲಿ ಲಂಡನ್ನಿನ ಹೆನ್ರಿ ಸೌಟರ್ ಎಂಬ ಶಸ್ತ್ರವೈದ್ಯ ಬಡಿಯುತ್ತಿರುವ ಹೃದಯದೊಳಕ್ಕೆ ಬೆರಳನ್ನು ತೂರಿಸಿ ಅಂಟಿದ ಕವಾಟವನ್ನು ಬಿಡಿಸಿದ. ರೋಗಿ ಬದುಕಿದಳು. ಆದರೂ ಇಂಥ ಎರಡನೆಯ ರೋಗಿಯನ್ನು ಅವನ ಬಳಿಗೆ ಯಾರೂ ಕಳಿಸಲಿಲ್ಲ. ಹೃದಯವನ್ನು ಮುಟ್ಟಬಾರದೆಂಬ ಭಯ ವೈದ್ಯರಲ್ಲಿಯೇ ಅಷ್ಟಿತ್ತು. ಕವಾಟವನ್ನೇ ಬದಲಿಸುವ ಕೆಲಸ ಕೈಗೂಡಿದ್ದು 1960ರಲ್ಲಿ, ಅಮೆರಿಕದಲ್ಲಿ. ಲೊವೆಲ್ ಎಡ್ವರ್ಡ್ಸ್ ಎಂಬ ನಿವೃತ್ತ ಯಂತ್ರಶಿಲ್ಪಿ, ಕೃತಕ ಹೃದಯವನ್ನೇ ಮಾಡೋಣವೆಂದು ಆಲ್ಬರ್ಟ್ ಸ್ಟಾರ್ ಎಂಬ ತರುಣ ಶಸ್ತ್ರವೈದ್ಯನ ಬಳಿಗೆ ಬಂದನಂತೆ. ಇಡೀ ಮನೆ ಆಮೇಲೆ ನೋಡೋಣ, ಮೊದಲು ಒಂದು ಬಾಗಿಲು ಮಾಡೋಣ ಎಂಬ ಧಾಟಿಯಲ್ಲಿ ಸ್ಟಾರ್ ಉತ್ತರವಿತ್ತ. ಪಂಜರದೊಳಗೆ ಮೇಲೆ ಕೆಳಗೆ ಆಡುವ ಒಂದು ಪುಟ್ಟ ಚೆಂಡು, ಅದೇ ಅವರು ಮಾಡಿದ ಕವಾಟ.

ನಮ್ಮ ದೇಶದ ಕಥೆ ಇದಕ್ಕಿಂತ ರೋಚಕ. ಹೊರದೇಶದ ಕವಾಟ ನಮ್ಮ ರೋಗಿಗಳಿಗೆ ಎಟುಕದ ಬೆಲೆಯದಾಗಿದ್ದ ಕಾಲದಲ್ಲಿ, ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾಕ್ಟರ್ ಎಂ. ಎಸ್. ವಲಿಯತ್ತಾನ್ ಅವರೂ ಅವರ ಸಂಗಡಿಗರೂ ಸ್ವದೇಶಿ ಕವಾಟಕ್ಕಾಗಿ ಹತ್ತಕ್ಕೂ ಹೆಚ್ಚು ವರ್ಷ ಶ್ರಮಿಸಿದರು. ಮೊದಲ ಮೂರು ಮಾದರಿಗಳು ಪರೀಕ್ಷೆಯಲ್ಲಿ ಸೋತವು. ನಾಲ್ಕನೆಯದು ನಿಂತಿತು. 1990ರ ಡಿಸೆಂಬರ್ 6ರಂದು ಅದು ಮೊದಲ ಬಾರಿಗೆ ಮನುಷ್ಯನ ಹೃದಯವನ್ನು ಸೇರಿತು. ಅಂದಿನಿಂದ ಲಕ್ಷಕ್ಕೂ ಹೆಚ್ಚು ಮಂದಿಗೆ ಅದನ್ನು ಅಳವಡಿಸಿದ್ದಾರೆ. ಲೋಹದ ಚೌಕಟ್ಟು, ಅದರಲ್ಲಿ ವಾಲಿ ತೆರೆಯುವ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ, ಸುತ್ತ ಪಾಲಿಯೆಸ್ಟರ್ ಬಟ್ಟೆಯ ಒಂದು ಬಳೆ. ಶಸ್ತ್ರವೈದ್ಯ ಸೂಜಿದಾರದಿಂದ ಹೊಲಿಯುವುದು ಈ ಬಟ್ಟೆಯ ಬಳೆಯನ್ನು; ಮಾಂಸ ಬೆಳೆದು ಹೆಣೆದುಕೊಳ್ಳುವುದೂ ಅದರೊಳಗೇ. ಬಟ್ಟೆಯಿಲ್ಲದಿದ್ದರೆ ಲೋಹ ಹೃದಯಕ್ಕೆ ಹತ್ತುವಂತಿಲ್ಲ ಎಂದು ಕೇಳಿ ನಮ್ಮ ನೇಕಾರ ಹಿರಿಯರೊಬ್ಬರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ವಲಿಯತ್ತಾನರು ಅನಂತರ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಗಳಾಗಿ ಬಂದು, ಮುಂದೆ ಚರಕಸಂಹಿತೆಯ ಅಧ್ಯಯನದಲ್ಲಿ ತೊಡಗಿ, 2024ರಲ್ಲಿ ತೀರಿಕೊಂಡರು.

ಇನ್ನು ಹುಡುಗನ ಪ್ರಶ್ನೆ: ಹಲ್ಲಿಗೂ ಹೃದಯಕ್ಕೂ ಏನು ಸಂಬಂಧ?

ಹುಳುಕು ಹಲ್ಲಿನ ಬುಡದಲ್ಲಿ, ಕೀವುಗಟ್ಟಿದ ಒಸಡಿನಲ್ಲಿ ಸೂಕ್ಷ್ಮಜೀವಿಗಳು ತಳವೂರಿರುತ್ತವೆ. ರೊಟ್ಟಿ ಅಗಿಯುವಾಗ, ಹಲ್ಲುಜ್ಜುವಾಗ ಅವುಗಳಲ್ಲಿ ಕೆಲವು ರಕ್ತಕ್ಕೆ ಇಳಿಯುತ್ತವೆ. ಆರೋಗ್ಯವಂತನ ದೇಹ ಅವನ್ನು ಅಲ್ಲಿಯೇ ಅಳಿಸಿಬಿಡುತ್ತದೆ. ಆದರೆ ಹೃದಯದಲ್ಲಿ ಹೊಸ ಕವಾಟವೊಂದು ಕುಳಿತಿದ್ದರೆ, ಅದರ ಬಟ್ಟೆಯ ಬಳೆ, ಹೊಲಿಗೆಯ ಗಂಟುಗಳು ಆ ಜೀವಿಗಳಿಗೆ ಒಳ್ಳೆಯ ಆಸರೆ. ಒಮ್ಮೆ ಅಲ್ಲಿ ಮನೆ ಮಾಡಿದುವೆಂದರೆ ಬಿಡಿಸುವುದು ಮಹಾಪ್ರಯಾಸ; ವಾರಗಟ್ಟಲೆ ನರಕ್ಕೆ ಔಷಧ ಏರಿಸಬೇಕು, ಎಷ್ಟೋ ವೇಳೆ ಕವಾಟವನ್ನೇ ಮತ್ತೆ ಬದಲಿಸಬೇಕು, ಪ್ರಾಣವೂ ಹೋಗಬಹುದು. ಆದ್ದರಿಂದ ಕೆಟ್ಟ ಹಲ್ಲನ್ನು ಮೊದಲೇ ತೆಗೆದು, ಗಾಯ ಮಾಯುವವರೆಗೆ ಕಾಯುತ್ತಾರೆ. ಆಮೇಲೆ ತೆಗೆಯೋಣವೆಂದರೆ, ಕವಾಟ ಹಾಕಿದ ಬಳಿಕ ರಕ್ತ ಹೆಪ್ಪುಗಟ್ಟದಂತೆ ಗುಳಿಗೆ ಕೊಟ್ಟಿರುತ್ತಾರೆ; ಆಗ ಹಲ್ಲು ಕಿತ್ತರೆ ರಕ್ತ ನಿಲ್ಲುವುದೇ ಕಷ್ಟ. ನಮ್ಮ ಕಡೆ ತಂಬಾಕು, ಗುಟಕಾ, ಸುಣ್ಣ ಬೆರೆತ ಎಲೆ ಅಡಿಕೆಯ ಅಭ್ಯಾಸ ಗಂಡಸರಲ್ಲಷ್ಟೇ ಇಲ್ಲ. ಮಗ್ಗದ ಮುಂದೆ ಕುಳಿತ ಎಷ್ಟೋ ತಾಯಂದಿರ ದವಡೆಯಲ್ಲಿ ಒಂದು ಚಿಟಿಕೆ ಇದ್ದೇ ಇರುತ್ತದೆ. ಬಾಯಿಯ ಪರೀಕ್ಷೆಗೆ ಇಂಥವರನ್ನು ತಪ್ಪದೆ ಕಳಿಸಬೇಕು. ಆಸ್ಪತ್ರೆಯವರು ಕೇಳುವವರೆಗೆ ಕಾಯದೆ, ಶಸ್ತ್ರಕ್ರಿಯೆಯ ಮಾತು ಬಂದ ವಾರವೇ ಹಲ್ಲಿನ ವೈದ್ಯರಲ್ಲಿಗೆ ಹೋಗಿಬಂದರೆ ಒಂದು ವ್ಯರ್ಥ ಪ್ರಯಾಣ ಉಳಿಯುತ್ತದೆ. ಹಲ್ಲಿನಂತೆಯೇ ಕಾಲಿನ ಹುಣ್ಣು, ಕಿವಿಯ ಸೋರಿಕೆ, ಮೂತ್ರದ ಉರಿ, ಚರ್ಮದ ಕುರು. ಸಣ್ಣವೆಂದು ಹೇಳದೆ ಬಿಡಬಾರದು.

ಸಕ್ಕರೆಯ ಮಾತು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೋಡಿದ ಒಂದು ಅಂಕೆಯನ್ನು ಶಸ್ತ್ರವೈದ್ಯರು ನೆಚ್ಚುವುದಿಲ್ಲ. ಪರೀಕ್ಷೆಯ ಹಿಂದಿನ ದಿನ ಉಪವಾಸವಿದ್ದು ಒಳ್ಳೆಯ ಅಂಕ ಗಳಿಸುವ ವಿದ್ಯೆ ನಮ್ಮ ವಿದ್ಯಾರ್ಥಿಗಳಿಗೆ ಮಾತ್ರ ಗೊತ್ತಿರುವುದೆಂದು ನಾನು ಭಾವಿಸಿದ್ದೆ. ರೋಗಿಗಳೂ ಅದರಲ್ಲಿ ಪಳಗಿದವರೇ. ಅದಕ್ಕಾಗಿ ಎಚ್‌ಬಿಎ1ಸಿ ಎಂಬ ಪರೀಕ್ಷೆಯುಂಟು. ಹಿಂದಿನ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಅದು ಹೇಳಿಬಿಡುತ್ತದೆ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ, ಗರಗಸದಿಂದ ಸೀಳಿ ತಂತಿಯಿಂದ ಕಟ್ಟಿದ ಎದೆಮೂಳೆ ಬೇಗ ಕೂಡಿಕೊಳ್ಳುವುದಿಲ್ಲ, ಗಾಯಕ್ಕೆ ಕೀವು ಹಿಡಿಯುತ್ತದೆ. ಹೀಗೆ ಹಿಡಿದ ಕೀವು ಎದೆಗೂಡಿನ ಆಳಕ್ಕೆ ಇಳಿದರೆ ಅದು ಮೂಲರೋಗಕ್ಕಿಂತ ಘೋರ. ಶಸ್ತ್ರಕ್ರಿಯೆಗೆ ಮುನ್ನ ಕೆಲವರಿಗೆ ಗುಳಿಗೆಗಳನ್ನು ನಿಲ್ಲಿಸಿ ಇನ್ಸುಲಿನ್‌ಗೆ ಬದಲಿಸುತ್ತಾರೆ. ‘ಇನ್ಸುಲಿನ್ ಹತ್ತಿತು ಅಂದರೆ ಮುಗೀತು’ ಎಂಬ ಹೆದರಿಕೆಗೆ ಇಲ್ಲಿ ಎಡೆಯಿಲ್ಲ. ಎಷ್ಟೋ ಜನ ಆಮೇಲೆ ಗುಳಿಗೆಗೇ ಮರಳುತ್ತಾರೆ.

ಬೆನ್ನುನೋವಿನ ಗುಳಿಗೆಯ ಬಗ್ಗೆ ಬಿಡಿಸಿ ಹೇಳಬೇಕು, ಏಕೆಂದರೆ ಇದು ನಮ್ಮ ಊರಿನ ಕಾಯಿಲೆ. ಕುಣಿಯಲ್ಲಿ ಕಾಲಿಳಿಬಿಟ್ಟು ದಿನವಿಡೀ ಬಾಗಿ ಕುಳಿತವರ ಬೆನ್ನು ನೋಯದಿರುವುದುಂಟೇ? ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ನೋವಿನ ಗುಳಿಗೆಗಳನ್ನು ವರ್ಷಾನುಗಟ್ಟಲೆ ನುಂಗಿದರೆ ಮೂತ್ರಪಿಂಡಗಳು ಸವೆಯುತ್ತವೆ. ಸಕ್ಕರೆ ಕಾಯಿಲೆಯೂ ಜತೆಗೂಡಿದರೆ ಕೇಳುವುದೇ ಬೇಡ. ಕವಾಟದ ಶಸ್ತ್ರಕ್ರಿಯೆಯಲ್ಲಿ ಹೃದಯವನ್ನು ನಿಲ್ಲಿಸಿ, ರಕ್ತವನ್ನು ಯಂತ್ರದ ಮೂಲಕ ಹರಿಸುತ್ತಾರೆ. ಆ ಗಂಟೆಗಳಲ್ಲಿ ಹೆಚ್ಚು ಬಳಲುವ ಅಂಗಗಳಲ್ಲಿ ಮೂತ್ರಪಿಂಡವೂ ಒಂದು. ಅಷ್ಟೇ ಅಲ್ಲದೆ, ನಾಲ್ವತ್ತು ದಾಟಿದವರಿಗೆ ಸಾಮಾನ್ಯವಾಗಿ ಮೊದಲೊಮ್ಮೆ ಆಂಜಿಯೋಗ್ರಾಂ ಮಾಡಿ, ಹೃದಯದ ರಕ್ತನಾಳಗಳಲ್ಲಿ ಅಡೆತಡೆಯಿದೆಯೇ ಎಂದು ನೋಡುತ್ತಾರೆ. ಇದ್ದರೆ ಬೈಪಾಸನ್ನೂ ಅದೇ ವೇಳೆಗೆ ಮುಗಿಸಬಹುದು. ಆ ಪರೀಕ್ಷೆಗೆ ಬಳಸುವ ಬಣ್ಣದ ದ್ರವವೂ ಮೂತ್ರಪಿಂಡಕ್ಕೆ ಭಾರವೇ. ಆದ್ದರಿಂದ ಕ್ರಿಯಾಟಿನಿನ್ ಎಂಬ ಅಂಕೆ ಏರಿದ್ದರೆ ವೈದ್ಯರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ನುಂಗಿದ ಗುಳಿಗೆಗಳ ಹಾಳೆಗಳನ್ನೇ ಚೀಲದಲ್ಲಿ ಹಾಕಿ ಒಯ್ದು ತೋರಿಸಬೇಕು. ನಾಟಿ ಔಷಧ, ಭಸ್ಮ, ಕಷಾಯಗಳನ್ನೂ ಮುಚ್ಚಿಡಬಾರದು. ಬೈಸಿಕೊಂಡೇವೆಂದು ಎಷ್ಟೋ ಜನ ಇವನ್ನೇ ಮುಚ್ಚಿಡುತ್ತಾರೆ.

ಥೈರಾಯ್ಡ್ ಮಾಂದ್ಯಕ್ಕೆ ಗುಳಿಗೆ ಸುಲಭ. ಆದರೆ ಬಳಲಿದ ಹೃದಯಕ್ಕೆ ಅದನ್ನು ಒಮ್ಮೆಲೇ ಪೂರ್ತಿ ಕೊಡುವಂತಿಲ್ಲ. ಸ್ವಲ್ಪ ಸ್ವಲ್ಪವಾಗಿ ಏರಿಸಬೇಕು, ವಾರಗಳು ಹಿಡಿಯುತ್ತವೆ. ರಕ್ತಹೀನತೆಗೂ ಹಾಗೆಯೇ ತಿಂಗಳು ಬೇಕು, ಮತ್ತು ಅದರ ಮೂಲ ತಿಂಗಳ ಅತಿಸ್ರಾವವೋ ಜಂತುಹುಳುವೋ ಎಂದು ನೋಡಬೇಕು. ಬೀಡಿ ಸಿಗರೇಟು ಸೇದುವವರು ಕಡಿಮೆಯೆಂದರೆ ತಿಂಗಳು ಮೊದಲೇ ಬಿಡಬೇಕು, ಬಿಟ್ಟದ್ದನ್ನು ಮತ್ತೆ ಹಿಡಿಯಬಾರದು. ಮೂರು ಗುಂಡುಗಳಿರುವ ಒಂದು ಉಸಿರಾಟದ ಆಟಿಕೆಯಂಥ ಸಾಧನ ಅಂಗಡಿಯಲ್ಲಿ ಸಿಗುತ್ತದೆ. ಉಸಿರೆಳೆದು ಗುಂಡುಗಳನ್ನೇರಿಸುವ ಅಭ್ಯಾಸವನ್ನು ಮನೆಯಲ್ಲಿಯೇ ಮಾಡಿಕೊಂಡವರು, ಎದೆ ಹೊಲಿದ ಮರುದಿನ ನೋವಿನಲ್ಲೂ ಅದನ್ನು ಮಾಡಬಲ್ಲರು. ನೂಲಿನ ಧೂಳು ಕುಡಿದ ಶ್ವಾಸಕೋಶಗಳಿಗೆ ಇದು ಅಗತ್ಯವಾದ ವ್ಯಾಯಾಮ. ಎಷ್ಟು, ದಿನಕ್ಕೆ ಎಷ್ಟು ಸಲ ಎಂಬುದನ್ನು ಅವರವರ ವೈದ್ಯರೇ ಹೇಳಬೇಕು.

ಇಷ್ಟನ್ನೂ ಕೇಳಿದ ಹುಡುಗ, “ಅಲ್ರೀ ಸರ, ಇಷ್ಟೆಲ್ಲಾ ಸರಿ ಆಗೂದ್ರಾಗ ಎದಿ ಬಾಗಲಾ ಪೂರ್ತಿ ಮುಚ್ಚಿದ್ರ?” ಎಂದ. ಇದು ಮುಖ್ಯವಾದ ಮಾತು. ಕಾಯುವುದಕ್ಕೂ ಮೇರೆಯುಂಟು. ಉಸಿರಾಟ ಹದಗೆಟ್ಟರೆ, ಕಾಲು ಬಾತರೆ, ಪ್ರಜ್ಞೆ ತಪ್ಪಿದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ಕಾಯುವ ಪ್ರಶ್ನೆಯಿಲ್ಲ. ಸಕ್ಕರೆ ಎಷ್ಟಿದ್ದರೂ ಆ ಗಳಿಗೆಯೇ ಹೊರಡಬೇಕು. ಹೃದಯದ ಲಯ ತಪ್ಪಿದವರಲ್ಲಿ ಮೇಲಿನ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹಾರುವ ಭಯವಿರುತ್ತದೆ. ಅಂಥವರಿಗೆ ರಕ್ತ ತೆಳುವಾಗಿಸುವ ಗುಳಿಗೆ ಮೊದಲೇ ನಡೆದಿರುತ್ತದೆ. ಶಸ್ತ್ರಕ್ರಿಯೆಗೆ ಕೆಲವು ದಿನ ಮುನ್ನ ಅದನ್ನು ನಿಲ್ಲಿಸಿ ಬೇರೆ ಚುಚ್ಚುಮದ್ದು ಕೊಡುತ್ತಾರೆ. ಯಾವ ದಿನ ನಿಲ್ಲಿಸಬೇಕೆಂಬುದನ್ನು ಬರೆಯಿಸಿಕೊಂಡೇ ಬರಬೇಕು. ನಾವಾಗಿ ನಿಲ್ಲಿಸಿದರೂ ಅಪಾಯ, ನಿಲ್ಲಿಸದೆ ಹೋದರೂ ಅಪಾಯ. ‘ಅಮಾವಾಸ್ಯೆ ಕಳೀಲಿ’ ಎಂದು ನಾಲ್ಕು ದಿನ ತಡೆದರೆ ವೈದ್ಯರು ನಗುತ್ತ ಒಪ್ಪಿಯಾರು. ಶ್ರಾವಣ ಮುಗಿಯಲಿ, ದೀಪಾವಳಿ ಮುಗಿಯಲಿ, ಜಾತ್ರೆ ಮುಗಿಯಲಿ ಎನ್ನುವವರಿಗೆ ಯಾವ ವೈದ್ಯನೂ ಒಪ್ಪಲಾರ.

ಇನ್ನೊಂದು ಪ್ರಶ್ನೆಯನ್ನು ಮನೆಯಲ್ಲಿ ಕುಳಿತು ತೀರ್ಮಾನಿಸಬೇಕು: ಯಾವ ಕವಾಟ? ಮೊದಲು, ಬದಲಿಸದೆ ಹಿಗ್ಗಿಸಲು ಬರುತ್ತದೆಯೇ ಎಂದು ಕೇಳಬೇಕು. 1984ರಲ್ಲಿ ಜಪಾನಿನ ಕಾಂಜಿ ಇನೊವೆ ಎಂಬವರು ಪ್ರಕಟಿಸಿದ ಕ್ರಮದಂತೆ, ತೊಡೆಯ ನಾಳದಿಂದ ಬಲೂನನ್ನು ಹೃದಯಕ್ಕೆ ಕಳಿಸಿ ಅಂಟಿದ ಕವಾಟವನ್ನು ಅಗಲಿಸುತ್ತಾರೆ. ಎದೆ ಸೀಳುವ ಕಷ್ಟವಿಲ್ಲ. ನಮ್ಮ ರಾಜ್ಯದ ದೊಡ್ಡ ಹೃದ್ರೋಗ ಆಸ್ಪತ್ರೆಗಳಲ್ಲಿ ಇದು ಬಹುಕಾಲದಿಂದ ನಡೆಯುತ್ತಿದೆ. ಕವಾಟ ಹೆಚ್ಚು ಸೋರುತ್ತಿದ್ದರೆ, ಸುಣ್ಣಗಟ್ಟಿದ್ದರೆ, ಒಳಗೆ ಹೆಪ್ಪಿದ್ದರೆ ಮಾತ್ರ ಸಾಧ್ಯವಾಗದು. ನಮ್ಮ ಓಣಿಯ ತಾಯಿಗೆ ಆ ಕಾಲ ಮೀರಿತ್ತು.

ಬದಲಿಸುವುದಾದರೆ ಎರಡು ಬಗೆ. ಲೋಹ ಮೊದಲಾದವುಗಳ ಯಂತ್ರಕವಾಟ ಬಹುಕಾಲ ಬಾಳುತ್ತದೆ. ಆದರೆ ಜೀವಮಾನವೆಲ್ಲ ರಕ್ತ ತೆಳುವಾಗಿಸುವ ಗುಳಿಗೆ ತಪ್ಪದು. ರಾತ್ರಿ ನಿಶ್ಶಬ್ದದಲ್ಲಿ ಅದರ ‘ಟಿಕ್ ಟಿಕ್’ ಪಕ್ಕದಲ್ಲಿ ಮಲಗಿದವರಿಗೂ ಕೇಳಿಸುವುದುಂಟು. ಇನ್ನೊಂದು ಅಂಗಾಂಶದ ಕವಾಟ: ಹಂದಿಯ ಕವಾಟದಿಂದ, ಇಲ್ಲವೇ ದನದ ಹೃದಯದ ಹೊರಪೊರೆಯಿಂದ ಮಾಡಿದ್ದು. ಅದಕ್ಕೆ ಜೀವಮಾನದ ಗುಳಿಗೆಯ ಕಾಟ ಸಾಮಾನ್ಯವಾಗಿ ಇಲ್ಲ. ಆದರೆ ಹತ್ತು ಹದಿನೈದು ವರ್ಷಗಳಲ್ಲಿ ಸವೆಯುತ್ತದೆ, ಎಳೆಯರಲ್ಲಿ ಇನ್ನೂ ಬೇಗ. ಸವೆದಾಗ ಮತ್ತೆ ಬದಲಿಸಬೇಕು.

ಇದಕ್ಕೆ ನಾಡಿಗೆಲ್ಲ ಗೊತ್ತಿರುವ ನಿದರ್ಶನವುಂಟು. ಮುಖ್ಯಮಂತ್ರಿಗಳಾಗಿದ್ದ ಎಚ್. ಡಿ. ಕುಮಾರಸ್ವಾಮಿಯವರಿಗೆ 2007ರಲ್ಲಿ ಸಿಂಗಪುರದಲ್ಲಿ ಕವಾಟದ ಶಸ್ತ್ರಕ್ರಿಯೆಯಾಯಿತು. ಹತ್ತು ವರ್ಷಗಳ ಮೇಲೆ, 2017ರ ಸೆಪ್ಟೆಂಬರಿನಲ್ಲಿ, ಬೆಂಗಳೂರಿನಲ್ಲಿ ಎರಡನೆಯದು. 2024ರ ಮಾರ್ಚ್ ತಿಂಗಳಲ್ಲಿ ಚೆನ್ನೈಯಲ್ಲಿ ಮೂರನೆಯದು. ಈ ಮೂರನೆಯದರಲ್ಲಿ ಎದೆಯನ್ನು ತೆರೆಯದೆ ರಕ್ತನಾಳದ ಮೂಲಕವೇ ಕವಾಟವನ್ನು ಕಳಿಸಿ ಕೂರಿಸಿದರು. ಮರುತಿಂಗಳೇ ಅವರು ಮಂಡ್ಯದಲ್ಲಿ ಲೋಕಸಭಾ ಚುನಾವಣೆಯ ಕಣದಲ್ಲಿದ್ದರು. ಫ್ರಾನ್ಸಿನ ರೂವಾಂ ನಗರದಲ್ಲಿ ಆಲೆನ್ ಕ್ರಿಬಿಯೆ ಎಂಬ ವೈದ್ಯರು 2002ರಲ್ಲಿ ಆರಂಭಿಸಿದ ವಿಧಾನವಿದು. ಪತ್ರಿಕೆಯಲ್ಲಿ ಓದಿದವರು ‘ನಮ್ಮವ್ವನಿಗೂ ಅದನ್ನೇ ಮಾಡ್ರಿ’ ಎಂದು ಕೇಳುವುದು ಸಹಜ. ಅದು ಮುಖ್ಯವಾಗಿ ಮಹಾಧಮನಿಯ ಕವಾಟ ಬಿಗಿದ ವೃದ್ಧರಿಗೆ, ಎದೆ ಸೀಳಿದರೆ ತಾಳಲಾರದವರಿಗೆ ಹೊಂದಿದ್ದು. ರುಮ್ಯಾಟಿಕ್ ಜ್ವರದಿಂದ ಕೆಟ್ಟ ಎಡಕವಾಟಕ್ಕೆ ಸಾಮಾನ್ಯವಾಗಿ ಒದಗುವುದಿಲ್ಲ. ಬೆಲೆಯೂ ಬಹು ಲಕ್ಷಗಳದು.

ದನದ ಪೊರೆ, ಹಂದಿಯ ಕವಾಟ ಎಂದೊಡನೆ ನಮ್ಮ ಎಷ್ಟೋ ಮನೆಗಳಲ್ಲಿ ಮೌನ ಕವಿಯುತ್ತದೆ. ಅಡುಗೆಮನೆಯಲ್ಲಿ ತತ್ತಿಯನ್ನೂ ಸೇರಿಸದ ಹಿರಿಯರಿಗೆ ಇದು ಸಣ್ಣ ಮಾತಲ್ಲ. ಅವರನ್ನು ಮೂಢರೆಂದು ಹಳಿಯುವ ತರುಣರು ನನಗೆ ಒಪ್ಪಿಗೆಯಿಲ್ಲ. ಅವರಿಗೆ ತಿಳಿಸದೆ ಹಾಕಿಸಿ ಆಮೇಲೆ ಯಾರೋ ನೆಂಟರ ಬಾಯಿಂದ ತಿಳಿಯುವಂತೆ ಮಾಡುವ ಜಾಣರಂತೂ ಸುತರಾಂ ಒಪ್ಪಿಗೆಯಿಲ್ಲ. ರೋಗಿಯ ಎದುರಿಗೇ ಮಾತು ನಡೆಯಲಿ. ಒಬ್ಬರಿಗೆ ಯಂತ್ರಕವಾಟ ಸರಿ ಎನಿಸೀತು. ಇನ್ನೊಬ್ಬ ಅಜ್ಜಿ, ರಕ್ತ ಪರೀಕ್ಷೆಗೆ ಪದೇ ಪದೇ ಓಡಾಡಲಾರೆ, ಜೀವ ಉಳಿಸುವುದು ಯಾವುದಾದರೂ ಶಿವನದೇ ಎಂದಾಳು. ಇಬ್ಬರ ಮಾತಿಗೂ ಬೆಲೆಯುಂಟು. ಮಕ್ಕಳಾಗಬೇಕಾದ ತರುಣಿಯರ ವಿಷಯದಲ್ಲಿ ಮಾತ್ರ ಇನ್ನೂ ಹೆಚ್ಚಿನ ಆಲೋಚನೆ ಬೇಕು, ಏಕೆಂದರೆ ಯಂತ್ರಕವಾಟದೊಡನೆ ಬರುವ ಆ ಗುಳಿಗೆ ಗರ್ಭದ ಶಿಶುವಿಗೆ ಹಾನಿ ಮಾಡಬಲ್ಲದು. ಮದುವೆಯಾದ ಸೊಸೆಗೆ ಅತ್ತೆಮನೆಯವರು ಕೇಳದೆ ತೀರ್ಮಾನಿಸುವ ವಿಷಯ ಇದಲ್ಲ.

ಇನ್ನೊಂದು ಸೂಕ್ಷ್ಮ. ಶಸ್ತ್ರಕ್ರಿಯಾ ಮಂದಿರದ ಬಾಗಿಲಲ್ಲಿ ಕೊರಳ ತಾಳಿ, ಕೈಬಳೆ, ಮೂಗುಬೊಟ್ಟು ತೆಗೆಯಬೇಕಾಗುತ್ತದೆ. ಎದೆಯ ಮೇಲಿನ ಇಷ್ಟಲಿಂಗವನ್ನೂ ಅಲ್ಲಿ ಇರಗೊಡಲು ಬರುವುದಿಲ್ಲ. ಆ ಗಳಿಗೆಯಲ್ಲಿ ದಾದಿ ಕೈಚಾಚಿದಾಗ ಹೌಹಾರುವ ಬದಲು, ಯಾರು ಅದನ್ನು ಇಟ್ಟುಕೊಳ್ಳಬೇಕು, ಎಲ್ಲಿ ಕೂರಬೇಕು ಎಂದು ಮನೆಯಲ್ಲೇ ಮಾತಾಡಿಕೊಂಡು, ಗುರುಗಳನ್ನು ಕೇಳುವುದಿದ್ದರೆ ಕೇಳಿಕೊಂಡು ಹೋದರೆ ಮನಸ್ಸಿಗೆ ನೆಮ್ಮದಿ.

ಹಣದ ಮಾತನ್ನು ಚುಟುಕಾಗಿ ಮುಗಿಸುತ್ತೇನೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ನೆರವುಂಟು. ಸರಕಾರಿ ಆಸ್ಪತ್ರೆಯಿಂದ ಶಿಫಾರಸಿನ ಪತ್ರ ತರುವುದು ಮೊದಲ ಕೆಲಸ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಕಾರ್ಯಾರಂಭಗೊಂಡ ಯಶಸ್ವಿನಿ ಯೋಜನೆ ನಡುವೆ ನಿಂತು ಮತ್ತೆ ಜೀವ ತಳೆದಿದೆ. ಸಹಕಾರಿ ಸಂಘದಲ್ಲಿ ಹೆಸರಿರುವ ನೇಕಾರರು ವಿಚಾರಿಸಬೇಕು. ಪಡಿತರ ಚೀಟಿಯಲ್ಲಿ ಹೆಸರು ಒಂದು ಬಗೆ, ಆಧಾರಿನಲ್ಲಿ ಇನ್ನೊಂದು ಬಗೆ ಇದ್ದರೆ ಹೃದಯಕ್ಕಿಂತ ಮೊದಲು ಅದಕ್ಕೇ ಚಿಕಿತ್ಸೆಯಾಗಬೇಕು. ರಕ್ತ ಕೊಡುವವರನ್ನೂ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು. ಬಂಧುಗಳು ಕೊಡಲು ಹಿಂಜರಿದ ಕಡೆ ನಮ್ಮ ಕಾಲೇಜಿನ ಹುಡುಗರು ಮುಂದೆ ಬಂದದ್ದನ್ನು ನಾನು ಅಭಿಮಾನದಿಂದ ನೆನೆಯುತ್ತೇನೆ.

ಮರಳಿ ಬಂದ ಮೇಲಿನ ಸಿದ್ಧತೆಯನ್ನೂ ಹೋಗುವ ಮುಂಚೆಯೇ ಮಾಡಬೇಕು. ಎದೆಮೂಳೆ ಕೂಡಲು ಮೂರು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಮಗ್ಗ ಎಳೆಯುವಂತಿಲ್ಲ, ಕೊಡ ಎತ್ತುವಂತಿಲ್ಲ, ರೊಟ್ಟಿ ಬಡಿಯುವಂತಿಲ್ಲ. ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರು? ನಗುವ ಪ್ರಶ್ನೆಯಲ್ಲ, ಎರಡನೆಯ ವಾರವೇ ಒಲೆಯ ಮುಂದೆ ಕುಳಿತ ತಾಯಂದಿರ ಎದೆಯ ತಂತಿ ಸಡಿಲಾದ ಪ್ರಸಂಗಗಳನ್ನು ವೈದ್ಯರು ಹೇಳುತ್ತಾರೆ. ಯಂತ್ರಕವಾಟದವರಿಗೆ ಪಲ್ಯದ ಲೆಕ್ಕವೂ ಸೇರುತ್ತದೆ. ಮೆಂತ್ಯ, ರಾಜಗಿರಿ, ಹತ್ತರಕಿ, ಪುಂಡಿ ಎಂದು ಸೊಪ್ಪಿಲ್ಲದೆ ನಮಗೆ ಊಟವಿಲ್ಲ. ಹಸಿರು ಸೊಪ್ಪಿನಲ್ಲಿರುವ ‘ಕೆ’ ಜೀವಸತ್ವ ಆ ಗುಳಿಗೆಯ ಕೆಲಸಕ್ಕೆ ಎದುರಾಗುತ್ತದೆ. ಪಲ್ಯವನ್ನು ಬಿಡಬೇಕಾಗಿಲ್ಲ, ದಿನವೂ ಹೆಚ್ಚುಕಡಿಮೆ ಅಷ್ಟೇ ತಿನ್ನಬೇಕು. ಒಂದು ವಾರ ಬುಟ್ಟಿಗಟ್ಟಲೆ, ಇನ್ನೊಂದು ವಾರ ಏನೂ ಇಲ್ಲ ಎಂದಾದರೆ ಗುಳಿಗೆಯ ಅಳತೆ ತಪ್ಪುತ್ತದೆ. ಆ ಅಳತೆಯನ್ನು ಹೇಳುವುದು ಐಎನ್‌ಆರ್ ಎಂಬ ರಕ್ತ ಪರೀಕ್ಷೆ. ಎಡಕವಾಟ ಬದಲಿಸಿದವರಲ್ಲಿ ಅದು ಸಾಮಾನ್ಯವಾಗಿ ಎರಡೂವರೆಯಿಂದ ಮೂರೂವರೆಯೊಳಗೆ ನಿಲ್ಲಬೇಕು. ಇಳಿದರೆ ಕವಾಟದಲ್ಲಿ ಹೆಪ್ಪು, ಏರಿದರೆ ರಕ್ತಸ್ರಾವ. ಮೊದಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಇದನ್ನು ನೋಡಿಸುತ್ತಲೇ ಇರಬೇಕು.

ಆ ಹುಡುಗ ಹಲ್ಲು ತೆಗೆಸಿ ತಾಯಿಯನ್ನು ಎರಡನೆಯ ಸಲ ಕರೆದೊಯ್ಯುವ ಮುನ್ನ ಬಾಗಲಕೋಟೆಗೆ ಹೋಗಿ ಒಂದು ಕೆಲಸ ಮಾಡಿ ಬಂದ. ಐಎನ್‌ಆರ್ ಪರೀಕ್ಷೆ ಎಲ್ಲೆಲ್ಲಿ ಮಾಡುತ್ತಾರೆ, ಎಷ್ಟು ಹೊತ್ತಿಗೆ ಫಲಿತಾಂಶ ಕೊಡುತ್ತಾರೆ, ರವಿವಾರ ತೆರೆದಿರುತ್ತದೆಯೇ, ಫಲಿತಾಂಶವನ್ನು ಫೋನಿನಲ್ಲಿ ಕೇಳಿ ಗುಳಿಗೆಯ ಅಳತೆ ಹೇಳುವ ವೈದ್ಯರು ಯಾರು ಎಂದು ವಿಚಾರಿಸಿ, ತಾಯಿಯ ಕಡತದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದುಕೊಂಡಿದ್ದ. ಕೆಳಗೆ ಮೊದಲ ಬಸ್ಸಿನ ವೇಳೆಯನ್ನೂ ಗುರುತು ಹಾಕಿದ್ದ.